ಕ್ಯಾಮೆರಾ ಮುಂದೆ ಬಗ್ಗಿ ಹೋದವನು

ಏಳನೇ ಕಂತು

ಲೋಲೋ ಪಿಯೊ ಅವರ ಕುರ್ಚಿಯನ್ನು ಬರಂಗಾಯ್ ಕಚೇರಿಯ, ಅಂದರೆ ನಮ್ಮ ಊರ ಪಂಚಾಯಿತಿ ಕಚೇರಿಯ, ಬಾಗಿಲಲ್ಲೇ ಹಾಕಿಸಿದವಳು ನಾನು. ಅವರ ಎದುರಿಗೆ ಒಂದು ಬೆಂಚು ಎಳೆದುಕೊಂಡು ನಾನೂ ಕೂತೆ. ಒಳಗೆ ಹೋಗಬೇಕಾದವರು ಯಾರೇ ಆಗಲಿ, ನಮ್ಮಿಬ್ಬರ ನಡುವೆಯೇ ದಾಟಬೇಕು.

"ನನ್ನನ್ನ ಯಾಕೆ ದಾರೀಲಿ ಕೂರಿಸಿದ್ದೀಯ ಪಾನಿಂಗ್? ನಾನೇನು ಚಪ್ಪಲಿ ಸ್ಟ್ಯಾಂಡಾ?" ಅಂದರು ಲೋಲೋ.

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ."

"ಎಲ್ಲಿ ಬರ್ತಿದೆ? ಒಂದು ಎಲೆ ಅಲ್ಲಾಡ್ತಿಲ್ಲ."

"ಇವತ್ತು ನೀವು ಬಲೆ, ಲೋಲೋ. ಬಲೆ ಮಾತಾಡಬಾರದು."

ಎಪ್ಪತ್ತೊಂಬತ್ತು ವರ್ಷದ ಈ ಅಜ್ಜ ನಮ್ಮ ಸಾನ್ ತೆಲ್ಮೊದ ರಾಜಿ ಸಮಿತಿಯಲ್ಲಿ ನನ್ನ ಜೊತೆ ಹತ್ತೊಂಬತ್ತು ವರ್ಷದಿಂದ ಕೂತವರು. ಅದರಲ್ಲಿ ಎಂಟು ವರ್ಷ ನಿದ್ದೆಯಲ್ಲೇ ಕಳೆದಿದ್ದಾರೆ. ಕೋಳಿ ಕದ್ದದ್ದು, ಬೇಲಿ ಒತ್ತಿದ್ದು, ಗಂಡನನ್ನು ಬೈದದ್ದು, ಯಾವ ಜಗಳವೇ ಆಗಲಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ನಮ್ಮ ಮುಂದೆ ಬರಬೇಕು. ವಕೀಲರಿಗೆ ಇಲ್ಲಿ ಪ್ರವೇಶವಿಲ್ಲ. ಹಾಗಾಗಿಯೇ ಇಲ್ಲಿ ಸತ್ಯ ಆಗಾಗ ಹೊರಗೆ ಬರುತ್ತದೆ ಎಂದು ನನ್ನ ನಂಬಿಕೆ. ವಕೀಲರು ಬೇಜಾರು ಮಾಡಿಕೊಳ್ಳಬಾರದು.

ಇವತ್ತು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಚೆರಿಲು ಮೇಲಿನ ದೂರಿಗೆ ಹದಿನೈದನೆಯ ದಿನ, ಅಂದರೆ ಕೊನೆಯ ದಿನ. ಹನ್ನೊಂದು ಗಂಟೆಯೊಳಗೆ ನಾನು ನಿಜವಾದ ಕಳ್ಳನನ್ನು ತೋರಿಸದಿದ್ದರೆ ಆ ಹುಡುಗಿ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಕು. ಅವಳ ಫೇಸ್‌ಬುಕ್ ಪೇಜು ಕಚೇರಿಯ ಪಾಲಾಗುತ್ತದೆ. ಶಿಶುವಿಹಾರದ ಕೆಲಸವೂ ಹೋಗುತ್ತದೆ. ಸುಳ್ಳು ಹೇಳಿದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ?

ಆಗಿದ್ದು ಇಷ್ಟೇ. ಚೆರಿಲು 'ಸಾನ್ ತೆಲ್ಮೊದ ಎರಡು ನಿಮಿಷ' ಎಂದು ಫೇಸ್‌ಬುಕ್‌ನಲ್ಲಿ ವಾರಕ್ಕೊಂದು ವಿಡಿಯೊ ಹಾಕುತ್ತಾಳೆ. ತೆಂಗಿನ ಚಿಪ್ಪಿನ ಉದ್ದ ಹಿಡಿಯ ಸೌಟು ಒಂದಕ್ಕೆ ಎರಡು ಗುಂಡಿ ಹೊಲಿದು ಕಣ್ಣು ಮಾಡಿದ್ದಾಳೆ, ತಲೆಗೆ ಬಿಳಿ ನಾರಿನ ತುರುಬು. ಹೆಸರು ಲೋಲಾ ಬಗೋಲ್, ಚಿಪ್ಪಜ್ಜಿ. ಈ ಅಜ್ಜಿ ಹಳೇ ಮುದುಕಿಯ ದನಿಯಲ್ಲಿ, ಸಭೆಯಲ್ಲಿ ಏನಾಯಿತು, ಯಾವ ನಿಯಮ ಬಂತು, ಯಾರಿಗೆ ದೂರು ಕೊಡಬೇಕು ಎಂದು ಬಿಡಿಸಿ ಹೇಳುತ್ತಾಳೆ.

ಕೋರಂ ಎಂದರೇನು ಎಂದು ಇಪ್ಪತ್ತು ವರ್ಷದಿಂದ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರು. ಓದಿದ್ದು ಗೆದ್ದಲು ಮಾತ್ರ. ಚಿಪ್ಪಜ್ಜಿ ನೂರು ಜನರ ಅನ್ನದ ಪಾತ್ರೆಯ ಮುಂದೆ ಎರಡು ಒಣಮೀನು ಕೂರಿಸಿ, "ಇವರಿಬ್ಬರೇ ಉಂಡು ಊರಿಗೆಲ್ಲ ಹೊಟ್ಟೆ ತುಂಬಿತು ಅಂತ ಬರೆದ್ರೆ ಒಪ್ತೀರಾ?" ಎಂದು ಕೇಳಿದಳು. ಹನ್ನೊಂದು ಸಾವಿರ ಜನ ನೋಡಿದರು. ನಮ್ಮ ಊರಿನಲ್ಲಿ ಇರುವುದೇ ಸಾವಿರದ ಒಂಬೈನೂರು ಜನ. ಉಳಿದವರು ಹಡಗಿನಲ್ಲಿ, ಪರದೇಶದ ಅಡುಗೆಮನೆಗಳಲ್ಲಿ ದುಡಿಯುವ ನಮ್ಮವರೇ. ಅಲ್ಲಿಂದಲೇ ಬೀದಿದೀಪ ಎಲ್ಲಿ ಹಾಕಬೇಕು ಎಂದು ಜಗಳ ಆಡುತ್ತಾರೆ.

ಹೋದ ತಿಂಗಳು, ಕರೋಕೆ ಎಷ್ಟು ಗಂಟೆಗೆ ನಿಲ್ಲಬೇಕು ಎಂದು ತೀರ್ಮಾನಿಸುವ ಮಹಾಸಭೆ ಶನಿವಾರಕ್ಕೆ ನಿಗದಿಯಾಗಿತ್ತು. ಗುರುವಾರ ಅದೇ ಪೇಜಿನಲ್ಲಿ ಅದೇ ಚಿಪ್ಪಜ್ಜಿ ಬಂದು, "ಸಭೆ ಮುಂದಿನ ಶನಿವಾರಕ್ಕೆ ಹೋಯ್ತು ಮಕ್ಕಳೇ, ಈ ವಾರ ಮನೇಲಿ ಬಟ್ಟೆ ಒಗೀರಿ" ಅಂದಳು. ಊರು ಬಟ್ಟೆ ಒಗೆಯಿತು. ಸಭೆಗೆ ಬಂದವರು ಮೂವತ್ತೆಂಟು ಜನ, ಎಲ್ಲರೂ ಫೋನು ಮುಟ್ಟದವರು, ಕತ್ತಲಾಗುವ ಮುಂಚೆ ಮಲಗುವವರು. ಕೋರಂ ಲೆಕ್ಕ ಯಾರೂ ಕೇಳದೆ, ಕರೋಕೆ ಸಂಜೆ ಏಳಕ್ಕೆ ಬಂದ್ ಎಂದು ಕೈ ಎತ್ತಿ, ಕೋಳಿ ಗಂಜಿ ಕುಡಿದು ಹೊರಟುಹೋದರು.

ಏಳಕ್ಕೆ ಕರೋಕೆ ಬಂದ್ ಮಾಡುವುದೂ ಒಂದೇ, ನಮ್ಮ ಊರಿನ ಉಸಿರು ಬಂದ್ ಮಾಡುವುದೂ ಒಂದೇ. ಊರಿಗೆ ಊರೇ ಚೆರಿಲು ಮೇಲೆ ತಿರುಗಿಬಿತ್ತು. "ನಾನು ಹಾಕಿಲ್ಲ" ಎಂದು ಅವಳು ಒಂದೇ ಮಾತು ಹೇಳಿದಳು. ಎರಡನೆಯ ಮಾತು ಹೇಳಲಿಲ್ಲ. ಅದೇ ನನ್ನನ್ನು ಕಾಡುತ್ತಿತ್ತು. ಮಾಡದ ತಪ್ಪಿಗೆ ಸಿಕ್ಕಿಬಿದ್ದವರು ಸಾಮಾನ್ಯವಾಗಿ ವಟವಟ ಅನ್ನುತ್ತಾರೆ.

ಆ ವಿಡಿಯೊವನ್ನು ನಾನು ನಲವತ್ತಮೂರು ಸಲ ನೋಡಿದ್ದೇನೆ. ಶಿಶುವಿಹಾರದ ನೀಲಿ ಗೋಡೆ, ಮೇಜು, ಚೌಕಟ್ಟಿನ ಆಚೆಯಿಂದ ಯಾರೋ ಹಿಡಿದ ಸೌಟು. ಚಿಪ್ಪಜ್ಜಿ ಅಲ್ಲೇ ಮೊಳೆಗೆ ನೇತಾಡುತ್ತಲೇ ಇರುತ್ತಾಳೆ, ಬಾಗಿಲಿಗೆ ಬೀಗವಿಲ್ಲ. ಪೇಜಿನ ಪಾಸ್‌ವರ್ಡನ್ನು ನಮ್ಮ ಕಾರ್ಯದರ್ಶಿ ಪುರಿಟಾ ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾಳೆ, 'ಗುಟ್ಟು' ಎಂದು ಕೆಂಪು ಶಾಯಿಯಲ್ಲಿ ಬರೆದು. ಊರಿನಲ್ಲಿ ಅದನ್ನು ಓದದವರು ಲೋಲೋ ಪಿಯೊ ಒಬ್ಬರೇ, ಅದೂ ಕನ್ನಡಕ ಮರೆತಿದ್ದಕ್ಕೆ.

ನಾನು ನೋಡುತ್ತಿದ್ದಾಗಲೆಲ್ಲ ನನ್ನಮ್ಮ ಪಕ್ಕದಿಂದ ಇಣುಕಿ, "ಈ ಸಲ ಉಚ್ಚಾರ ಸ್ಪಷ್ಟವಾಗಿದೆ" ಎನ್ನುತ್ತಿದ್ದಳು. ನಲವತ್ತೊಂದು ವರ್ಷ ಇದೇ ಊರಿನ ಶಾಲೆಯಲ್ಲಿ ಪಾಠ ಹೇಳಿದವಳು. ಈಗ ಎಂಬತ್ತನಾಲ್ಕು ವಯಸ್ಸು, ಆದರೂ ಚರ್ಚಿನಲ್ಲಿ ಪಾದ್ರಿಯ ವ್ಯಾಕರಣ ತಿದ್ದುತ್ತಾಳೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನನ್ನ ಗಮನವೆಲ್ಲ ಐವತ್ತೊಂದನೆಯ ಸೆಕೆಂಡಿನ ಮೇಲೆ. ಅಲ್ಲಿ ಗೋಡೆಯ ಮೇಲೆ ಒಂದು ನೆರಳು ಹಾದುಹೋಗುತ್ತದೆ. ದೊಡ್ಡ ಹೊಟ್ಟೆ, ಬಗ್ಗಿದ ಬೆನ್ನು, ಹಿಂದೆ ಬಾಲದಂತಹದ್ದೇನೋ. ಕೆಲವರು ಎಮ್ಮೆ ಅಂದರು. ಕೆಲವರು ದೆವ್ವ ಅಂದರು. ಹಡಗಿನಲ್ಲಿರುವ ಒಬ್ಬ, "ಅದು ನಮ್ಮ ಮನೆ ಗೋಡೆ ಅಲ್ಲ ತಾನೆ, ದಯವಿಟ್ಟು ಯಾರಾದ್ರೂ ಹೇಳಿ" ಎಂದು ಬರೆದಿದ್ದ, ಪಾಪ.

ನಿನ್ನೆ ಮಧ್ಯಾಹ್ನ ಅನ್ನ ಬಸಿಯುತ್ತಿದ್ದಾಗ ಹೊಳೆಯಿತು. ಅದು ಎಮ್ಮೆಯಲ್ಲ, ಮನುಷ್ಯ. ಕೂತವರ ಮುಂದೆ ದಾಟುವಾಗ ನಾವೆಲ್ಲ ಮಾಡುವುದನ್ನೇ ಮಾಡುತ್ತಿದ್ದಾನೆ. ಬೆನ್ನು ಬಗ್ಗಿಸಿ, ಒಂದು ಕೈ ಮುಂದೆ ಚಾಚಿ, ದಾರಿ ಬಿಡಿ ಎಂದು ಕೇಳಿಕೊಂಡು ಹೋಗುತ್ತಿದ್ದಾನೆ. ತಾಯಿಯ ಹಾಲಿನ ಜೊತೆ ಬಂದ ಅಭ್ಯಾಸ. ಕಳ್ಳತನ ಮಾಡುವಾಗಲೂ ಬಿಡುವುದಿಲ್ಲ.

ಅಂಥ ಹೊಟ್ಟೆ ನಮ್ಮ ಊರಿನಲ್ಲಿ ಮೂರೇ ಇವೆ. ಮೂವರಿಗೂ ಹತ್ತು ಗಂಟೆಗೆ ಬರಲು ಹೇಳಿದ್ದೆ.

ಮೊದಲು ಬಂದವನು ಕುಲಾಸ್, ಕರೋಕೆ ಯಂತ್ರ ಬಾಡಿಗೆಗೆ ಕೊಡುವವನು. ದೂರು ಕೊಟ್ಟವನೂ ಇವನೇ. ದೂರು ಕೊಟ್ಟವನೇ ಕಳ್ಳ ಎಂಬುದನ್ನು ನಾನು ಎರಡು ಸಲ ನೋಡಿದ್ದೇನೆ. ಆದರೆ ಕುಲಾಸ್ ನಮ್ಮ ನಡುವೆ ಬಗ್ಗಿ ದಾಟುವಾಗ ಒಂದು ಕೈ ಮುಂದೆ ಬಂತು, ಇನ್ನೊಂದು ಕೈ ಎದೆಯ ಹತ್ತಿರವೇ ಉಳಿಯಿತು. ಆ ಕೈಯಲ್ಲಿ ಮೈಕು. ಬೇರೆಯವರು ಜಪಮಾಲೆ ಹಿಡಿದು ಓಡಾಡಿದಂತೆ ಇವನು ಮೈಕು ಹಿಡಿದು ಓಡಾಡುತ್ತಾನೆ. ಹಿಂದೆ ಬಾಲವಿಲ್ಲ.

"ಮನಾಂಗ್ ಪಾನಿಂಗ್, ಇವತ್ತಾದ್ರೂ ತೀರ್ಮಾನ ಆಗುತ್ತಾ? ಸಂಜೆ ಏಳಕ್ಕೆ ನಮ್ಮ ಜನಕ್ಕೆ ಗಂಟಲೇ ಸರಿಹೋಗಿರಲ್ಲ." ಮನಾಂಗ್ ಎಂದರೆ ನಮ್ಮಲ್ಲಿ ಅಕ್ಕ.

"ಒಳಗೆ ಹೋಗಿ ಕೂತ್ಕೋ. ಮೈಕ್ ಆಫ್ ಮಾಡ್ಕೋ."

ಎರಡನೆಯವನು ಬರಂಗಾಯ್ ಸದಸ್ಯ ಪ್ರಿಮಿಟಿವೊ. ಕರೋಕೆ ನಿಲ್ಲಿಸಬೇಕು ಎಂದು ಮೊದಲು ಕಾಗದ ಬರೆದವನು. ಕುಲಾಸನ ಪಕ್ಕದ ಮನೆ. ನನ್ನ ಅನುಮಾನದಲ್ಲಿ ಮುಕ್ಕಾಲು ಪಾಲು ಇವನ ಮೇಲೇ ಇತ್ತು. ಅವನು ನೆಟ್ಟಗೆ ಬಂದು, ನೆಟ್ಟಗೆ ನಿಂತು, "ಕಾಲು ತೆಗೀರಿ ಲೋಲೋ" ಅಂದ. ಲೋಲೋ ಕಾಲು ಮಡಚಿಕೊಂಡರು. ಒಂದಿಂಚೂ ಬಗ್ಗದೆ ಒಳಗೆ ಹೋದ. ಸಭ್ಯತೆ ಇಲ್ಲದ್ದೇ ಅವನನ್ನು ಉಳಿಸಿತು. ನನಗೆ ನಿಜಕ್ಕೂ ಬೇಸರವಾಯಿತು.

ಮೂರನೆಯವರು ಕ್ಯಾಪ್ಟನ್ ಡೊಮಿನಡೋರ್, ಊರು ಆರಿಸಿದ ಮುಖಂಡರು. ಬಾಗಿಲಲ್ಲಿ ಲೋಲೋ ಅವರನ್ನು ನೋಡಿದ್ದೇ ತಡ, ಮೈ ತಾನಾಗಿಯೇ ಬಗ್ಗಿತು. ಒಂದು ಕೈ ಮುಂದೆ. ಬಗ್ಗಿದೊಡನೆ ಪ್ಯಾಂಟು ಜಾರುತ್ತದಲ್ಲ, ಹೊಟ್ಟೆಗೆ ಬೆಲ್ಟು ನಿಲ್ಲುವುದಿಲ್ಲ. ಇನ್ನೊಂದು ಕೈ ಹಿಂದೆ ಹೋಗಿ ಸೊಂಟದ ಪಟ್ಟಿ ಹಿಡಿಯಿತು.

ಅದೇ ಬಾಲ.

"ಏನ್ ಪಾನಿಂಗ್, ಹಾಗೆ ನೋಡ್ತೀರಿ?" ಅಂದರು.

"ಏನಿಲ್ಲ ಕ್ಯಾಪ್. ಪ್ಯಾಂಟು ಹುಷಾರು."

ಒಳಗೆ ಚೆರಿಲು ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಇಪ್ಪತ್ತೇಳು ವರ್ಷದ ಹುಡುಗಿ ಹದಿನೈದು ದಿನದಲ್ಲಿ ಬತ್ತಿಹೋಗಿದ್ದಳು. ಇವಳ ಅಜ್ಜಿಯಿಂದ ಹಿಡಿದು ಎಲ್ಲರಿಗೂ ನಾನು ಉಪ್ಪು ಎಣ್ಣೆ ಮಾರಿದ್ದೇನೆ. ಸುಳ್ಳು ಹೇಳುವ ಮನೆತನವಲ್ಲ.

ಕ್ಯಾಪ್ಟನ್ ಪತ್ರ ತೆಗೆದರು. "ಹೆಚ್ಚು ಎಳೆಯೋದು ಬೇಡ. ಹುಡುಗಿ ಸಹಿ ಮಾಡ್ತಾಳೆ. ಪೇಜು ನಮ್ಮ ಕಚೇರಿ ನೋಡ್ಕೊಳ್ಳುತ್ತೆ. ಇನ್ನು ಮೇಲೆ ವಿಷಯ ನಾನೇ ಹೇಳ್ತೀನಿ, ಕ್ಯಾಮೆರಾ ಮುಂದೆ ಕೂತು. ಸೌಟು ಗೀಟು ಬೇಡ."

"ನಿಮ್ಮನ್ನ ಎರಡು ನಿಮಿಷ ಯಾರು ನೋಡ್ತಾರೆ ಕ್ಯಾಪ್?" ಅಂದ ಕುಲಾಸ್.

"ಯಾಕೆ, ನನ್ನ ಮುಖಕ್ಕೇನಾಗಿದೆ?"

"ಮುಖಕ್ಕೇನಿಲ್ಲ. ನೀವು ಎರಡು ನಿಮಿಷದಲ್ಲಿ 'ಪ್ರೀತಿಯ ನಾಗರಿಕರೇ' ಅನ್ನೋದೇ ಮುಗಿಸಲ್ಲ."

ನಾನು ಎದ್ದು ಬಾಗಿಲು ಹಾಕಿದೆ. ಲೋಲೋ ಅವರ ಕುರ್ಚಿ ಹೊರಗೇ ಉಳಿಯಿತು. ಅವರು ಆಗಲೇ ನಿದ್ದೆ ಹೋಗಿದ್ದರು. ನನ್ನ ಫೋನಿನಲ್ಲಿ ಆ ಐವತ್ತೊಂದನೆಯ ಸೆಕೆಂಡು ನಿಲ್ಲಿಸಿ ಮೇಜಿನ ಮೇಲಿಟ್ಟೆ.

"ಇದು ಹೊಟ್ಟೆ. ಇದು ಮುಂದಿನ ಕೈ. ಈ ಬಾಲ ಅಂತೀರಲ್ಲ, ಅದು ಪ್ಯಾಂಟು ಹಿಡ್ಕೊಂಡಿರೋ ಕೈ. ಈಗ ಬಾಗಿಲಲ್ಲಿ ಮೂವರೂ ದಾಟಿದ್ದನ್ನ ನಾನು ನೋಡಿದೆ. ಪ್ಯಾಂಟು ಹಿಡ್ಕೊಂಡು ದಾಟಿದವರು ಒಬ್ಬರೇ."

ಎಲ್ಲರ ಕಣ್ಣೂ ಒಂದೇ ಪ್ಯಾಂಟಿನ ಮೇಲೆ ಬಿತ್ತು. ಕ್ಯಾಪ್ಟನ್ ತಮಗೇ ತಿಳಿಯದಂತೆ ಸೊಂಟ ಹಿಡಿದುಕೊಂಡರು.

"ಇದಕ್ಕಾ ಹದಿನೈದು ದಿನ ತಗೊಂಡಿರಿ?" ಅಂದ ಪ್ರಿಮಿಟಿವೊ.

"ನೀನು ಬಗ್ಗೋದು ಕಲಿತಿದ್ರೆ ಹದಿನಾರು ಆಗ್ತಿತ್ತು. ಸುಮ್ನಿರು."

ಕ್ಯಾಪ್ಟನ್ ಬೆವರು ಒರೆಸಿಕೊಂಡರು. "ಸರಿ. ಆ ಗುರುವಾರ ಶಿಶುವಿಹಾರಕ್ಕೆ ಹೋಗಿದ್ದೆ. ಅಲ್ಲಿ ಫ್ರಿಜ್‌ನಲ್ಲಿ ನನ್ನ ಹೆಂಡತಿಗೆ ಕಾಣದ ಹಾಗೆ ಕೇಕ್ ಇಡ್ತೀನಿ. ವೈದ್ಯರು ಸಕ್ಕರೆ ಬಿಡಿ ಅಂದಿದಾರೆ. ತಿನ್ನೋಕೆ ಹೋದೆ, ಮುಂದೆ ದಾಟಿದೆ, ತಿಂದೆ, ವಾಪಸ್ ಬಂದೆ. ವಿಡಿಯೊ ಮಾಡ್ತಿದ್ದಾರೆ ಅಂತ ಗೊತ್ತಾಯ್ತು. ಏನು ಹೇಳ್ತಿದ್ದಾರೆ ಅಂತ ಕೇಳಿಸ್ಕೊಳ್ಳಲಿಲ್ಲ."

"ಕ್ಯಾಪ್, ನಿಮ್ಮ ಕೇಕಿನ ವಿಷಯ ನಿಮ್ಮ ಹೆಂಡತಿ ನೋಡ್ಕೋತಾರೆ. ನಂಗೆ ಬೇಕಾಗಿರೋದು ಬೇರೆ. ನೀವು ಬಗ್ಗಿದ್ದು ಯಾರಿಗೆ?"

"ಯಾರಿಗೆ ಅಂದ್ರೆ? ಕ್ಯಾಮೆರಾ ಮುಂದೆ..."

"ಸ್ಟ್ಯಾಂಡ್ ಮೇಲಿರೋ ಫೋನಿಗೆ ಯಾರೂ ಬಗ್ಗಲ್ಲ. ಫೋನಿನ ಪಕ್ಕ ಸೌಟು ಹಿಡ್ಕೊಂಡು ಕೂತಿದ್ದವರಿಗೆ ಬಗ್ಗಿದ್ರಿ."

"ಚೆರಿಲು ಕೂತಿದ್ಲು ಅಂತ ಅಂದ್ಕೊಳ್ಳಿ" ಅಂದ ಪ್ರಿಮಿಟಿವೊ.

"ಅಂದ್ಕೊಳ್ಳಲ್ಲ. ಚೆರಿಲು ಇವರಿಗೆ ಮಗಳ ವಯಸ್ಸಿನವಳು. ಅವಳ ಮುಂದೆ ಹೋದ್ರೆ ಇವರು ಕೈ ಮಾತ್ರ ಚಾಚ್ತಾರೆ, ಇಷ್ಟೇ ಇಷ್ಟು. ಗವರ್ನರ್ ಬಂದಾಗ ಭುಜ ಮಾತ್ರ ಬಗ್ಗಿಸಿದ್ರು, ನಾನೇ ನೋಡಿದೀನಿ. ಇಲ್ಲಿ ನೋಡಿ, ಹಣೆ ಮೊಣಕಾಲಿಗೆ ತಾಗ್ತಿದೆ. ಆ ಹೊಟ್ಟೆ ಇಟ್ಕೊಂಡು ಅಷ್ಟು ಬಗ್ಗೋದು ಅಂದ್ರೆ ಸುಮ್ನೆ ಅಲ್ಲ. ಕೂತಿದ್ದವರು ಬಹಳ ಹಿರಿಯರು. ಇವರು ಚಿಕ್ಕಂದಿನಲ್ಲಿ ಯಾರಿಗೆ ಹೆದರ್ತಿದ್ರೋ ಅವರು."

ಅಂಥ ಹಿರಿಯರನ್ನು ನಾನು ಆಗಲೇ ಎಣಿಸಿಟ್ಟಿದ್ದೆ. ಪಾದ್ರಿ ಆ ವಾರ ಊರಿನಲ್ಲಿರಲಿಲ್ಲ. ಲೋಲೋ ಪಿಯೊ ಅವರಿಗೆ ಫೋನಿನ ಮೇಲು ಕೆಳಗು ತಿಳಿಯದು. ನನ್ನ ಲೆಕ್ಕದಲ್ಲಿ ಇನ್ನೊಂದು ಹೆಸರು ಇತ್ತು, ಕ್ಯಾಪ್ಟನ್ನರ ಸೋದರತ್ತೆ. ಅದೇ ಹೆಸರು ಬರುತ್ತದೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹೆಂಗಸು ನನ್ನ ಅಂಗಡಿಯ ವಿನಿಗರ್ ಬರೀ ನೀರು ಎಂದು ಊರೆಲ್ಲ ಸಾರಿದವಳು.

"ಹೇಳಿ ಕ್ಯಾಪ್. ಹುಡುಗಿಯ ಜೀವನದ ಪ್ರಶ್ನೆ."

"ನನ್ನ ಬಾಯಲ್ಲಿ ಹೇಳಿಸಬೇಡಿ ಪಾನಿಂಗ್."

"ಬೇರೆ ಯಾರ ಬಾಯಲ್ಲಿ ಹೇಳಿಸಲಿ?"

ಅವರು ಚೆರಿಲು ಕಡೆ ನೋಡಿದರು. ಚೆರಿಲು ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಅದನ್ನು ನಾನು ಕಂಡೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷದ ಅನುಭವ ಎಂದು ಹೇಳಿಕೊಂಡು ತಿರುಗುವವಳು ನಾನು.

ಕ್ಯಾಪ್ಟನ್ ಬಾಯಿ ಬಿಡಲಿಲ್ಲ. ತುಟಿ ಚೂಪು ಮಾಡಿ ಕಿಟಕಿಯ ಕಡೆ ತೋರಿಸಿದರು.

ಬೆರಳಲ್ಲಿ ತೋರಿಸಿದ್ದರೆ ತಪ್ಪಿಸಬಹುದಿತ್ತು, ಆಚೆ ಮನೆ, ಈಚೆ ಮನೆ ಎಂದು. ನಮ್ಮವರು ತುಟಿಯಲ್ಲಿ ತೋರಿಸಿದರೆ ಅದು ನೇರ ಹೋಗಿ ಅಂಟಿಕೊಳ್ಳುತ್ತದೆ. ಎಲ್ಲರೂ ತಿರುಗಿದೆವು. ಕಿಟಕಿಯ ಆಚೆ ರಸ್ತೆ. ರಸ್ತೆಯ ಆಚೆ ನನ್ನ ಅಂಗಡಿ. ಅಂಗಡಿಯ ಜಾಲರಿಯ ಹಿಂದೆ ಶಾಂಪೂ ಪೊಟ್ಟಣಗಳ ಮಾಲೆಯ ನಡುವೆ ನನ್ನಮ್ಮ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಕಂಡಾಗ ಅವಳು ಕೈ ಬೀಸಿದಳು. ಆಮೇಲೆ ಮಡಿಲಿನಿಂದ ಒಂದು ಫೋನು ತೆಗೆದು, ತೋಳು ಚಾಚಿ, ಸರಿಯಾಗಿ ಹಿಡಿದು, ನಮ್ಮೆಲ್ಲರ ಫೋಟೊ ತೆಗೆದಳು.

ನನ್ನಮ್ಮನಿಗೆ ಫೋನು ಹಿಡಿಯಲು ಬರುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ದಿನಾ ಮಧ್ಯಾಹ್ನ ಮೂರಕ್ಕೆ ಶಿಶುವಿಹಾರದ ಫ್ಯಾನಿನ ಗಾಳಿಗೆ ಹೋಗಿ ಕೂತು ಬರುತ್ತೇನೆ ಎನ್ನುತ್ತಿದ್ದಳು. ಹಾಗೇ ಕಳಿಸುತ್ತಿದ್ದೆ, ಕೊಡೆ ಕೊಟ್ಟು.

"ಇದು ಸುಳ್ಳು" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಕರೋಕೆ ಏಳಕ್ಕೆ ನಿಂತರೆ ಮೊದಲು ಒದ್ದಾಡೋಳೇ ಅವಳು. ಪ್ರತಿ ಭಾನುವಾರ ಕುಲಾಸನ ಮನೇಲಿ ಹನ್ನೊಂದು ಹಾಡು ಹಾಡ್ತಾಳೆ. ಅವಳ್ಯಾಕೆ ಸಭೆ ತಪ್ಪಿಸ್ತಾಳೆ?"

"ಹದಿಮೂರು ಹಾಡು" ಅಂದ ಕುಲಾಸ್ ಮೆಲ್ಲಗೆ.

"ಆ ದನಿ ಚೆರಿಲುದು. ಚಿಪ್ಪಜ್ಜಿ ದನಿ. ಊರೆಲ್ಲ ಗುರುತಿಸಿದೆ."

"ಇಲ್ಲ ಮನಾಂಗ್" ಅಂದಳು ಚೆರಿಲು.

ಹದಿನೈದು ದಿನದಲ್ಲಿ ಅವಳ ಎರಡನೆಯ ಮಾತು.

"ಆ ದನಿ ನಂದಲ್ಲ. ಮೊದಲಿಂದಾನೂ ನಂದಲ್ಲ. ನಾನು ಎರಡನೇ ಕ್ಲಾಸಲ್ಲಿದ್ದಾಗ ಟೀಚರ್ ಹೇಗೆ ಮಾತಾಡ್ತಿದ್ರೋ ಹಾಗೇ ಚಿಪ್ಪಜ್ಜಿ ಕೈಲಿ ಮಾತಾಡಿಸ್ತಿದ್ದೆ. ಬಟ್ಟೆ ಒಗೀರಿ ಮಕ್ಕಳೇ ಅಂತ ಕೇಳಿದ ತಕ್ಷಣ ನನಗೆ ಗೊತ್ತಾಯ್ತು, ಇದು ನನ್ನ ಹಾಗೆ ಮಾತಾಡ್ತಿರೋರಲ್ಲ, ನಾನು ಯಾರ ಹಾಗೆ ಮಾತಾಡ್ತೀನೋ ಅವರೇ ಅಂತ."

"ಗೊತ್ತಿದ್ದೂ ಸುಮ್ನಿದ್ದೆಯಾ?"

"ನಂಗೆ ಓದೋಕೆ ಕಲಿಸಿದ್ದೇ ಅವರು. ಸಂಜೆ ಕೂರಿಸ್ಕೊಂಡು, ಅನ್ನ ಹಾಕಿ ಕಲಿಸಿದ್ರು. ಊರಿನೋರು ಅವರ ಬಾಗಿಲಿಗೆ ಹೋಗಿ ಬೈಯೋದನ್ನ ನಾನು ಹೇಗೆ ನೋಡಲಿ? ನಂಗೆ ಇನ್ನೊಂದು ಕೆಲಸ ಸಿಗುತ್ತೆ."

ಹೀಗೆ ಹೇಳಿ ಅವಳು ಕ್ಯಾಪ್ಟನ್ನರ ಕೈಯಿಂದ ಪತ್ರ ತೆಗೆದುಕೊಂಡಳು, ಮೇಜಿನ ಮೇಲೆ ಹಾಸಿದಳು, ಪೆನ್ನು ಎತ್ತಿದಳು. ಯಾರೂ ತಡೆಯಲಿಲ್ಲ. ಕ್ಯಾಪ್ಟನ್ ನೆಲ ನೋಡುತ್ತಿದ್ದರು. ಪ್ರಿಮಿಟಿವೊ ಕೂಡ ತಲೆ ತಗ್ಗಿಸಿದ್ದ, ಜೀವನದಲ್ಲಿ ಮೊದಲ ಸಲ ಇರಬೇಕು.

ಅವಳು ಸಹಿ ಹಾಕಿಬಿಟ್ಟರೆ ನನ್ನಮ್ಮ ಉಳಿಯುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಬೇರೇನೂ ಮಾಡಬೇಕಿಲ್ಲ. ನಾಳೆ ಅಂಗಡಿ ತೆಗೆಯಬಹುದು, ಅಮ್ಮನಿಗೆ ಕಾಫಿ ಕೊಡಬಹುದು. ಸತ್ಯವಾಗಿ ಹೇಳುತ್ತೇನೆ, ಒಂದು ಗಳಿಗೆ ನಾನು ಸುಮ್ಮನೆ ಕೂತಿದ್ದೆ. ಆ ಒಂದು ಗಳಿಗೆಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಹೆಸರಿನ ಮೊದಲ ಅಕ್ಷರ ಬರೆದಾಗ ನಾನು ಕಾಗದದ ಮೇಲೆ ಅಂಗೈ ಒತ್ತಿದೆ. ಪೆನ್ನಿನ ತುದಿ ನನ್ನ ಬೆರಳಿಗೆ ತಾಗಿ ನಿಂತಿತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ನಾಲ್ಕು ನಿಮಿಷ ಇತ್ತು. ಕಾರ್ಯದರ್ಶಿ ಪುರಿಟಾ ಸಮನ್ಸ್ ಪುಸ್ತಕ ತೆರೆದು, ಕಾರ್ಬನ್ ಹಾಳೆ ಸರಿಮಾಡಿ, ನನ್ನ ಮುಖ ನೋಡದೆ ಕೇಳಿದಳು.

"ಯಾರ ಹೆಸರಿಗೆ ಬರೀಲಿ ಮನಾಂಗ್?"